ಅಗ್ಗದ ರಿವಾಲ್ವರ್‌ನ ಪೂರ್ತಿ ಲೆಕ್ಕ

ಬಂದೂಕಿನ ಅಂಗಡಿಗೆ ಮೊದಲ ಸಲ ಹೋದವರು ಸಾಮಾನ್ಯವಾಗಿ ಕೇಳುವುದು, ‘ಕಡಿಮೆ ಬೆಲೆಗೆ ಒಳ್ಳೆಯ ರಿವಾಲ್ವರ್ ಯಾವುದಿದೆ?’ ಎಂದು. ಅಂಗಡಿಯವರು ಉತ್ತರ ಕೊಡುವ ಬದಲು, ‘ಲೈಸೆನ್ಸ್‌ನಲ್ಲಿ ಏನು ಬರೆದಿದ್ದಾರೆ, ತೋರಿಸಿ’ ಎನ್ನುತ್ತಾರೆ. ನಮ್ಮ ದೇಶದಲ್ಲಿ ಸಣ್ಣ ಬೋರಿನ ರಿವಾಲ್ವರ್ ಆರಿಸುವ ಕೆಲಸದ ಅರ್ಧ ಭಾಗವನ್ನು ಕಾನೂನು ಮೊದಲೇ ಮುಗಿಸಿಟ್ಟಿರುತ್ತದೆ. ಕೊಳ್ಳುವವರ ಪಾಲಿಗೆ ಉಳಿಯುವುದು ಇನ್ನರ್ಧ. ಅದರಲ್ಲೂ ಬಹಳ ಮಂದಿ ಬೆಲೆಯ ಚೀಟಿಯನ್ನಷ್ಟೇ ನೋಡಿ ತೀರ್ಮಾನಿಸುತ್ತಾರೆ. ನೋಡಬೇಕಾದದ್ದು ಗುಂಡು, ತೂಕ, ಟ್ರಿಗರ್ ಮತ್ತು ಬೀಗ. ಈ ನಾಲ್ಕರ ಲೆಕ್ಕ ಸರಿಹೋದರೆ ಮಾತ್ರ ರಿವಾಲ್ವರ್ ಅಗ್ಗ. ಇಲ್ಲವಾದರೆ ಮೂವತ್ತು ಸಾವಿರದ್ದೂ ದುಬಾರಿಯೇ.

ಬೋರ್ ಆರಿಸುವುದು ಯಾರು?

ಕಾನೂನಿನ ಪಾಲನ್ನು ಮೊದಲು ನೋಡೋಣ. 1878ರಲ್ಲಿ ಲಾರ್ಡ್ ಲಿಟ್ಟನ್ ಕಾಲದಲ್ಲಿ ಬ್ರಿಟಿಷರು ಭಾರತೀಯರ ಕೈಯ ಆಯುಧಗಳಿಗೆ ಕಡಿವಾಣ ಹಾಕಲು ಒಂದು ಕಾಯ್ದೆ ತಂದರು. ಸ್ವಾತಂತ್ರ್ಯಾನಂತರ ಅದರ ಜಾಗಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆ ಬಂತು. ಈಗ ಅದರ ಜೊತೆಗೆ 2016ರ ನಿಯಮಗಳಿವೆ. ಇವು ಬಂದೂಕುಗಳನ್ನು ನಿಷೇಧಿತ ಬೋರ್, ನಿಷೇಧಿತವಲ್ಲದ ಬೋರ್ ಎಂದು ಎರಡಾಗಿ ಒಡೆಯುತ್ತವೆ. ವ್ಯಾಪಾರದ ಬಾಯಲ್ಲಿ ಅದು ‘ಪಿಬಿ’ ಮತ್ತು ‘ಎನ್‌ಪಿಬಿ’. ಸೈನ್ಯ ಮತ್ತು ಪೊಲೀಸರು ಬಳಸಿದ 9 ಎಂಎಂ, .38, .455, .303 ಮುಂತಾದವು ನಿಷೇಧಿತ ಪಟ್ಟಿಯಲ್ಲಿವೆ. ಸರ್ಕಾರಿ ಉಗ್ರಾಣದಿಂದ ಕದ್ದ ತೋಟಾ ಖಾಸಗಿ ಬಂದೂಕಿಗೆ ಹೊಂದಬಾರದು ಎಂಬ ವಸಾಹತು ಕಾಲದ ಎಚ್ಚರಿಕೆ ಅದರ ಹಿಂದಿದೆ. ಪಟ್ಟಿಯ ಹೊರಗೆ ಕೆಲವು ವಿದೇಶಿ ಬೋರ್‌ಗಳೂ ಇವೆ. ಆದರೆ ಆ ಗನ್ನಾಗಲಿ ಅದರ ತೋಟಾ ಆಗಲಿ ಸಾಮಾನ್ಯರಿಗೆ ಎಟುಕುವಂಥದಲ್ಲ. ಹೀಗಾಗಿ ಸಾಮಾನ್ಯ ಪರವಾನಗಿದಾರರ ಪಾಲಿಗೆ ಕೈಬಂದೂಕು ಎಂದರೆ ಮುಖ್ಯವಾಗಿ .32, ಅಪರೂಪಕ್ಕೆ .22.

ಬೋರಿನ ಈ ಅಂಕಿಗಳು ಇಂಚಿನ ಲೆಕ್ಕ. .32 ಎಂದರೆ ಸುಮಾರು 8 ಮಿಲಿಮೀಟರ್, .22 ಎಂದರೆ ಸುಮಾರು 5.6 ಮಿಲಿಮೀಟರ್. ನಮ್ಮ .32 ರಿವಾಲ್ವರ್‌ಗಳಲ್ಲಿ ಬಳಸುವ ತೋಟಾ ಅಮೆರಿಕದ ಸ್ಮಿತ್ ಆಂಡ್ ವೆಸನ್ ಕಂಪನಿ 1896ರಲ್ಲಿ ಹೊರತಂದ ‘.32 ಲಾಂಗ್’. ಅಮೆರಿಕದಲ್ಲಿ ಆತ್ಮರಕ್ಷಣೆಗೆ ಇದನ್ನು ಆರಿಸುವವರು ಈಗ ಕಡಿಮೆ. ದೊಡ್ಡ ಬೋರ್‌ಗಳು ಅದನ್ನು ಹಿಂದಕ್ಕೆ ತಳ್ಳಿ ಬಹಳ ಕಾಲವಾಯಿತು. ಭಾರತದಲ್ಲಿ ಅದು ಮುಖ್ಯ ಬೋರ್ ಆಗಿ ಬದುಕಿರುವುದಕ್ಕೆ ಕಾರಣ ಅದರ ಗುಣಕ್ಕಿಂತ ಹೆಚ್ಚಾಗಿ ನಮ್ಮ ನಿಷೇಧದ ಪಟ್ಟಿ.

ಹಾಗೆಂದು ಗುಣವೇ ಇಲ್ಲವೆಂದಲ್ಲ. .32 ಲಾಂಗ್‌ನ ಸಾಮಾನ್ಯ ಗುಂಡು ಆರು ಗ್ರಾಂಗಿಂತ ತುಸು ಹೆಚ್ಚು ತೂಗುತ್ತದೆ. ಸೆಕೆಂಡಿಗೆ 210–220 ಮೀಟರ್ ವೇಗದಲ್ಲಿ ಹೊರಡುತ್ತದೆ. ಶಕ್ತಿಯ ಲೆಕ್ಕದಲ್ಲಿ ಇದು ಸುಮಾರು 150 ಜೂಲ್. 9 ಎಂಎಂ ಗುಂಡಿನ ಶಕ್ತಿ ಇದರ ಮೂರು ಪಟ್ಟು. ಆದರೆ .32 ಕೈಯಲ್ಲಿ ಹೆಚ್ಚು ಒದೆಯುವುದಿಲ್ಲ, ಗುರಿ ಕದಲುವುದಿಲ್ಲ. ಅಂತರರಾಷ್ಟ್ರೀಯ ಶೂಟಿಂಗ್‌ನ 25 ಮೀಟರ್ ಸೆಂಟರ್‌ಫೈರ್ ಸ್ಪರ್ಧೆಯಲ್ಲಿ ಇಂದಿಗೂ ಇದೇ ತೋಟಾಗೆ ಮಾಡಿದ ಪಿಸ್ತೂಲುಗಳು ಮೆಚ್ಚಿನವು. ಪದಕಕ್ಕಾಗಿ ಹೊಡೆಯುವವರು ಆರಿಸಿಕೊಳ್ಳುವ ಗುಂಡನ್ನು ನಿಖರತೆ ಇಲ್ಲದ್ದು ಎನ್ನಲಾಗದು.

.22ರ ಕಥೆ ಇನ್ನೂ ಹಳೆಯದು. 1857ರಲ್ಲಿ ಸ್ಮಿತ್ ಆಂಡ್ ವೆಸನ್ ತನ್ನ ಮೊದಲ ರಿವಾಲ್ವರ್ ತಂದಾಗ ಅದು ಹಾರಿಸಿದ್ದು .22 ಶಾರ್ಟ್ ಎಂಬ ಪುಟ್ಟ ಲೋಹದ ತೋಟಾವನ್ನು. ಈಗ ಜಗತ್ತಿನಾದ್ಯಂತ ಬಳಕೆಯಲ್ಲಿರುವ .22 ಲಾಂಗ್ ರೈಫಲ್ ಬಂದದ್ದು 1887ರಲ್ಲಿ. ಇದು ರಿಮ್‌ಫೈರ್ ಜಾತಿಯ ತೋಟಾ. ಅಂದರೆ ಕಿಡಿ ಹತ್ತಿಸುವ ಮದ್ದು ತೋಟಾದ ತಳದ ಅಂಚಿನ ಒಳಗೆ ಸುತ್ತಲೂ ಹರಡಿರುತ್ತದೆ. ಹ್ಯಾಮರ್‌ನ ಮೊನೆ ಆ ಅಂಚಿಗೆ ಬಡಿಯಬೇಕು. .32ರಲ್ಲಿ ಆ ಮದ್ದು ತಳದ ನಟ್ಟನಡುವೆ ಬೇರೆಯೇ ಒಂದು ಪುಟ್ಟ ಬಟ್ಟಲಿನಲ್ಲಿದೆ. ಅಂಚಿನಲ್ಲಿ ಮದ್ದು ಸಮನಾಗಿ ಹರಡದಿದ್ದರೆ .22 ಒಮ್ಮೊಮ್ಮೆ ಹೊತ್ತಿಕೊಳ್ಳುವುದಿಲ್ಲ. ರಿವಾಲ್ವರ್‌ನಲ್ಲಿ ಅದರಿಂದ ದೊಡ್ಡ ತೊಂದರೆಯಿಲ್ಲ. ಟ್ರಿಗರ್ ಇನ್ನೊಮ್ಮೆ ಎಳೆದರೆ ಸಿಲಿಂಡರ್ ತಿರುಗಿ ಮುಂದಿನ ತೋಟಾ ನಳಿಗೆಯ ಎದುರಿಗೆ ಬರುತ್ತದೆ. ಪಿಸ್ತೂಲಿನಲ್ಲಾದರೆ ಸತ್ತ ತೋಟಾವನ್ನು ಕೈಯಿಂದ ಹೊರಗೆಳೆಯಬೇಕು. ಹೊಸಬರಿಗೆ ರಿವಾಲ್ವರ್ ಸೂಚಿಸುವ ಜಾಣರ ಬಳಿ ಇರುವ ಗಟ್ಟಿ ವಾದ ಇದು.

ಮಾರುಕಟ್ಟೆಯಲ್ಲಿ ಏನಿದೆ?

ವಿದೇಶಿ ಕೈಬಂದೂಕುಗಳ ಆಮದು ಸಾಮಾನ್ಯರಿಗೆ ನಿಂತು ದಶಕಗಳಾದವು. ಹಾಗಾಗಿ ಹೊಸ ರಿವಾಲ್ವರ್ ಎಂದರೆ ಬಹುಪಾಲು ಸರ್ಕಾರಿ ಕಾರ್ಖಾನೆಯದು. ಆರ್ಡ್‌ನೆನ್ಸ್ ಫ್ಯಾಕ್ಟರಿ ಮಂಡಳಿ 2021ರ ಅಕ್ಟೋಬರ್ 1ರಂದು ಏಳು ಕಂಪನಿಗಳಾಗಿ ಒಡೆಯಿತು. ಬಂದೂಕಿನ ಪಾಲು ಕಾನ್ಪುರದ ಅಡ್ವಾನ್ಸ್ಡ್ ವೆಪನ್ಸ್ ಆಂಡ್ ಎಕ್ವಿಪ್‌ಮೆಂಟ್ ಕಂಪನಿಗೆ, ಮದ್ದುಗುಂಡಿನ ಪಾಲು ಪುಣೆಯ ಮ್ಯುನಿಷನ್ಸ್ ಇಂಡಿಯಾಗೆ ಹೋಯಿತು. ಜನರ ಬಾಯಲ್ಲಿ ಮಾತ್ರ ಇವತ್ತಿಗೂ ಅದು ‘ಆರ್ಡ್‌ನೆನ್ಸ್ ಫ್ಯಾಕ್ಟರಿ ರಿವಾಲ್ವರ್’.

ಕಾನ್ಪುರದ ಹಳೆಯ .32 ಮಾದರಿ ಬ್ರಿಟನ್ನಿನ ವೆಬ್ಲಿ ರಿವಾಲ್ವರ್‌ನ ವಂಶದ್ದು. ಬೆನ್ನಿನ ಮೇಲಿನ ಚಿಲಕ ಒತ್ತಿದರೆ ನಳಿಗೆ ಮುಂದಕ್ಕೆ ಬಾಗಿ, ಆರೂ ಖಾಲಿ ತೋಟಾಗಳು ಒಮ್ಮೆಲೇ ಮೇಲೇಳುತ್ತವೆ. 2014ರ ಜನವರಿಯಲ್ಲಿ ಅದೇ ಊರಿನಿಂದ ‘ನಿರ್ಭೀಕ್’ ಬಂತು. ದೆಹಲಿಯ ನಿರ್ಭಯಾ ಪ್ರಕರಣದ ಬಳಿಕ, ಮಹಿಳೆಯರಿಗಾಗಿ ಎಂಬ ಪ್ರಚಾರದೊಂದಿಗೆ ಬಂದ ಈ .32ರ ತೂಕ ಸುಮಾರು 500 ಗ್ರಾಂ. ಹಗುರ ಮಾಡಲು ಟೈಟಾನಿಯಂ ಮಿಶ್ರಲೋಹ ಬಳಸಿದ್ದರು. ಬೆಲೆ ಆಗಲೇ ಒಂದು ಲಕ್ಷ ಇಪ್ಪತ್ತೆರಡು ಸಾವಿರ ದಾಟಿತ್ತು. ಹೆಣ್ಣುಮಕ್ಕಳ ಸುರಕ್ಷತೆಯನ್ನು ಲಕ್ಷ ರೂಪಾಯಿ ತೆರಬಲ್ಲವರ ವಿಷಯ ಮಾಡಿದಿರಿ ಎಂದು ಟೀಕೆಯೂ ಎದ್ದಿತು. ಆ ಟೀಕೆಯ ಬೆನ್ನಿಗೆ, ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆ .22 ಬೋರಿನ ‘ನಿಡರ್’ ತಂದಿತು. ಸುಮಾರು 250 ಗ್ರಾಂ ತೂಕ, ಎಂಟು ಗುಂಡು, ಆಗಿನ ಬೆಲೆ ತೆರಿಗೆ ಬಿಟ್ಟು ಸುಮಾರು 35 ಸಾವಿರ ರೂಪಾಯಿ. ಕಡಿಮೆ ಬೆಲೆಯ ಸಣ್ಣ ರಿವಾಲ್ವರ್ ಎಂದು ಹುಡುಕುವವರ ಕಣ್ಣು ಸಹಜವಾಗಿ ಇದರ ಮೇಲೆ ಬೀಳುತ್ತದೆ.

2020ರಲ್ಲಿ ವೆಬ್ಲಿ ಹೆಸರಿನದೇ .32 ರಿವಾಲ್ವರ್ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯ ಸಂಡೀಲಾದಲ್ಲಿ ತಯಾರಾಗತೊಡಗಿತು. ಬೆಲೆ ಆಗ ಒಂದೂವರೆ ಲಕ್ಷದ ಮೇಲಿತ್ತು. 2023ರ ಆಗಸ್ಟ್‌ನಲ್ಲಿ ಕಾನ್ಪುರದಿಂದ ‘ಪ್ರಬಲ್’ ಹೊರಬಂತು: ಸುಮಾರು 700 ಗ್ರಾಂ, 76 ಮಿಲಿಮೀಟರ್ ನಳಿಗೆ, ತೋಟಾ ತುಂಬಲು ಬದಿಗೆ ಹೊರಳುವ ಸಿಲಿಂಡರ್. ಬದಿಗೆ ಹೊರಳುವ ಈ ವ್ಯವಸ್ಥೆಯನ್ನು ಹೊಸತನವೆಂದು ದೊಡ್ಡದಾಗಿ ಸಾರಿದರು. ತಮಾಷೆಯೆಂದರೆ, .32 ಲಾಂಗ್ ತೋಟಾದ ಜೊತೆಗೇ 1896ರಲ್ಲಿ ಸ್ಮಿತ್ ಆಂಡ್ ವೆಸನ್ ತಂದ ರಿವಾಲ್ವರ್‌ನಲ್ಲಿ ಇದ್ದದ್ದೂ ಬದಿಗೆ ಹೊರಳುವ ಸಿಲಿಂಡರೇ. ಗುಂಡಿಗೂ ಸಿಲಿಂಡರಿಗೂ ನಮ್ಮಲ್ಲಿ ಮತ್ತೆ ಭೇಟಿಯಾಗಲು 127 ವರ್ಷ ಹಿಡಿಯಿತು. ಆದರೂ ಲಾಭ ನಿಜವಾದದ್ದು: ನಡುವೆ ಬಾಗುವ ಕೀಲು ಇಲ್ಲದ್ದರಿಂದ ಚೌಕಟ್ಟು ಇಡಿಯಾಗಿ ಗಟ್ಟಿಯಾಗಿರುತ್ತದೆ, ವರ್ಷಗಳು ಕಳೆದರೂ ಸಡಿಲಾಗುವುದು ಕಡಿಮೆ. ಪ್ರಚಾರದಲ್ಲಿ ಹೇಳುವ 50 ಮೀಟರ್ ದೂರಕ್ಕೆ ಮಾತ್ರ ಮರುಳಾಗಬೇಡಿ. ಮೂರಿಂಚಿನ ನಳಿಗೆಯಿಂದ ಅಷ್ಟು ದೂರದ ಗುರಿಗೆ ಸರಿಯಾಗಿ ಹೊಡೆಯಲು ಪಳಗಿದ ಕೈ ಬೇಕು.

ಈ ಬೆಲೆಗಳ ಮೇಲೆ ತೆರಿಗೆ ಇದೆ. ರಿವಾಲ್ವರ್ ಮತ್ತು ಪಿಸ್ತೂಲುಗಳ ಜಿಎಸ್‌ಟಿ ಮೊದಲು ಶೇ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ಸೋಪು, ಟೂತ್‌ಪೇಸ್ಟ್ ಅಗ್ಗವಾದ ದಿನವೇ ವಿಹಾರ ನೌಕೆ, ಖಾಸಗಿ ವಿಮಾನಗಳ ಸಾಲಿಗೆ ರಿವಾಲ್ವರ್ ಸೇರಿತು. ಮೂಲ ಬೆಲೆ ಒಂದು ಲಕ್ಷವಿದ್ದರೆ ಮೊದಲು 1,28,000 ಆಗುತ್ತಿದ್ದದ್ದು ಈಗ 1,40,000. ಹಳೆಯ ಪತ್ರಿಕಾ ವರದಿಯ ಬೆಲೆ ಹಿಡಿದು ಬಜೆಟ್ ಹಾಕಿದವರು ಅಂಗಡಿಯಲ್ಲಿ ಬೆಚ್ಚಿಬೀಳುವುದು ಇದರಿಂದ.

.22 ಕೊಳ್ಳಬೇಕೇ?

ಬೆಲೆ, ತೂಕ, ಒದೆತ ಮೂರರಲ್ಲೂ .22 ಗೆಲ್ಲುತ್ತದೆ. ಆದರೆ ಸಣ್ಣ ನಳಿಗೆಯಿಂದ ಹೊರಟ .22ರ ಶಕ್ತಿ .32ಕ್ಕಿಂತ ಸಾಕಷ್ಟು ಕಡಿಮೆ. ರೈಫಲ್ಲಿನ ಉದ್ದ ನಳಿಗೆಯಲ್ಲಿ ಮದ್ದು ಪೂರ್ತಿ ಉರಿದು ಗುಂಡಿಗೆ ವೇಗ ಬರುತ್ತದೆ. ಎರಡು ಮೂರು ಇಂಚಿನ ನಳಿಗೆಯಲ್ಲಿ ಅದಕ್ಕೆ ಅವಕಾಶ ಸಿಗುವುದಿಲ್ಲ. ಹೀಗಾಗಿ .22ರ ಬಗ್ಗೆ ರೈಫಲ್ ಹೊಡೆಯುವವರು ಹೇಳುವ ಮಾತನ್ನು ರಿವಾಲ್ವರಿಗೆ ಹಚ್ಚುವಂತಿಲ್ಲ. ಅದರ ನಿಜವಾದ ಮೇಲ್ಮೆ ಅಭ್ಯಾಸದಲ್ಲಿದೆ. ಒದೆತಕ್ಕೆ ಹೆದರಿ ಕಣ್ಣು ಮುಚ್ಚುವ ಅಭ್ಯಾಸ ಹೊಸಬರ ದೊಡ್ಡ ಶತ್ರು, .22ರಲ್ಲಿ ಅದು ಅಂಟಿಕೊಳ್ಳುವುದಿಲ್ಲ. ಜಗತ್ತಿನ ಎಷ್ಟೋ ಶೂಟರ್‌ಗಳು ಕೈ ಪಳಗಿಸಿಕೊಂಡಿರುವುದು .22ರಲ್ಲೇ.

ಹಾಗಾದರೆ ಬೇಕಾದದ್ದು .22ರ ತೋಟಾ ಸುಲಭವಾಗಿ ಸಿಗುವುದು. ಇಲ್ಲಿ ನಮ್ಮ ಲೆಕ್ಕ ಅಮೆರಿಕದ ಲೆಕ್ಕದಿಂದ ಬೇರೆಯಾಗುತ್ತದೆ. ಅಲ್ಲಿ .22 ತೋಟಾ ಡಬ್ಬಿಗಟ್ಟಲೆ ಸಿಗುತ್ತದೆ, ರೂಗರ್ ಕಂಪನಿ 2019ರಲ್ಲಿ 249 ಡಾಲರ್ ಬೆಲೆಗೆ ‘ರ‍್ಯಾಂಗ್ಲರ್’ ಎಂಬ .22 ರಿವಾಲ್ವರ್ ತಂದದ್ದೂ ಆ ಭರವಸೆಯ ಮೇಲೆಯೇ. ನಮ್ಮಲ್ಲಿ ಒಮ್ಮೆಗೆ ಎಷ್ಟು ತೋಟಾ, ವರ್ಷಕ್ಕೆ ಎಷ್ಟು ಎಂಬುದು ಲೈಸೆನ್ಸ್ ಪುಸ್ತಕದಲ್ಲೇ ನಮೂದಾಗಿರುತ್ತದೆ. ಕೊಂಡದ್ದೆಲ್ಲ ಡೀಲರ್ ಕೈಯಲ್ಲಿ ದಾಖಲಾಗುತ್ತದೆ. ಆದ್ದರಿಂದ ಗನ್ ನೋಡುವ ಮೊದಲು ನಿಮ್ಮ ಜಿಲ್ಲೆಯ ಡೀಲರ್ ಹತ್ತಿರ ಒಂದೇ ಪ್ರಶ್ನೆ ಕೇಳಿ: ಈ ಬೋರಿನ ತೋಟಾ ವರ್ಷವಿಡೀ ನಿಮ್ಮಲ್ಲಿ ಸಿಗುತ್ತದೆಯೇ? .32ಕ್ಕೆ ಬಹುತೇಕ ಕಡೆ ‘ಹೌದು’ ಎಂಬ ಉತ್ತರ ಬರುತ್ತದೆ. .22ಕ್ಕೆ ಡೀಲರ್ ಯೋಚಿಸಿ ಉತ್ತರಿಸಿದರೆ, ಆ ಅಗ್ಗದ ಗನ್ ಉಳಿತಾಯವಲ್ಲ, ಬೀರುವಿನಲ್ಲಿಟ್ಟ ಕಬ್ಬಿಣ.

ಹಗುರವಾದದ್ದು ಹೊಡೆಯಲು ಸುಲಭವೇ?

‘ಹೆಣ್ಣುಮಕ್ಕಳಿಗೆ, ವಯಸ್ಸಾದವರಿಗೆ ಹಗುರವಾದದ್ದು ಒಳ್ಳೆಯದು’ ಎಂಬ ಮಾತು ಅಂಗಡಿಯಲ್ಲೂ ಜಾಹೀರಾತಿನಲ್ಲೂ ಕೇಳಿಬರುತ್ತದೆ. ಹೊತ್ತು ತಿರುಗಲು ಅದು ಸರಿ. ಹೊಡೆಯಲು ಅಲ್ಲ.

ರಿವಾಲ್ವರ್‌ನ ಟ್ರಿಗರ್ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಹ್ಯಾಮರನ್ನು ಹೆಬ್ಬೆರಳಿನಿಂದ ಮೊದಲೇ ಹಿಂದಕ್ಕೆಳೆದು ನಿಲ್ಲಿಸಿದರೆ ಟ್ರಿಗರ್ ಮೆತ್ತಗೆ ಬೀಳುತ್ತದೆ. ಎರಡು ಕಿಲೋ ಒತ್ತಡ ಸಾಕು. ನೇರವಾಗಿ ಟ್ರಿಗರ್ ಎಳೆದರೆ ಅದೇ ಬೆರಳು ಸಿಲಿಂಡರ್ ತಿರುಗಿಸಬೇಕು, ಹ್ಯಾಮರ್ ಎತ್ತಬೇಕು, ಬಿಡಬೇಕು. ಅದಕ್ಕೆ ನಾಲ್ಕೈದು ಕಿಲೋ ಬೇಕು. 500 ಗ್ರಾಂ ತೂಗುವ ರಿವಾಲ್ವರ್ ಮೇಲೆ ಒಂದೇ ಬೆರಳು ಅದರ ಎಂಟು ಹತ್ತು ಪಟ್ಟು ಒತ್ತಡ ಹಾಕಿದಾಗ ನಳಿಗೆ ಅಲುಗದೆ ನಿಲ್ಲುವುದಾದರೂ ಹೇಗೆ? ಭಾರದ ಚೌಕಟ್ಟು ಆ ಅಲುಗಾಟವನ್ನೂ ನುಂಗುತ್ತದೆ, ಒದೆತವನ್ನೂ ನುಂಗುತ್ತದೆ. ಸಣ್ಣ ನಳಿಗೆಯಲ್ಲಿ ಮುಂದಿನ ಗುರಿಗುಬ್ಬಿಗೂ ಹಿಂದಿನ ಸೀಳಿಗೂ ಅಂತರ ಕಡಿಮೆಯಾದ್ದರಿಂದ, ಕೈಯ ಕೂದಲೆಳೆಯ ತಪ್ಪೂ ಗುರಿಯಲ್ಲಿ ಗೇಣುದ್ದವಾಗುತ್ತದೆ.

ಬೆರಳಿನ ಬಲ ಕಡಿಮೆ ಇರುವವರಿಗೆ 700 ಗ್ರಾಮಿನ .32, 500 ಗ್ರಾಮಿನದಕ್ಕಿಂತ ಸುಲಭ. ಅಂಗಡಿಯಲ್ಲಿ ಖಾಲಿ ಗನ್ನನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಡೀಲರ್ ಅನುಮತಿ ಪಡೆದು, ಟ್ರಿಗರನ್ನು ನೇರವಾಗಿ ಹತ್ತು ಸಲ ಎಳೆದು ನೋಡಿ. ಏಳನೆಯ ಸಲಕ್ಕೆ ಬೆರಳು ನಡುಗಿದರೆ ಆ ಗನ್ ನಿಮ್ಮದಲ್ಲ. ಆದರೆ ರಿಮ್‌ಫೈರ್ .22 ಅನ್ನು ಖಾಲಿಯಾಗಿ ಬಡಿಸಬಾರದು. ಮೊನೆ ನೇರವಾಗಿ ಲೋಹದ ಅಂಚಿಗೆ ಹೊಡೆದು ಎರಡೂ ಹಾಳಾಗಬಹುದು. ಅದಕ್ಕೆ ಡಮ್ಮಿ ತೋಟಾ ಬೇಕು.

ಕೈಯಲ್ಲಿ ಹಿಡಿದು ನೋಡುವುದು

ಹೊಸದಾಗಲಿ ಹಳೆಯದಾಗಲಿ, ಪರೀಕ್ಷೆ ಒಂದೇ. ಗನ್ ಖಾಲಿಯೇ ಎಂದು ಎರಡೆರಡು ಸಲ ನೋಡಿ. ಆಮೇಲೆ ಹ್ಯಾಮರನ್ನು ಮೆಲ್ಲಗೆ ಹಿಂದಕ್ಕೆಳೆದು, ಸಿಲಿಂಡರನ್ನು ಬೆರಳಿನಿಂದ ಅಲುಗಿಸಿ. ಪ್ರತಿ ಗೂಡೂ ನಳಿಗೆಯ ಎದುರಿಗೆ ಬಂದು ಗಟ್ಟಿಯಾಗಿ ನಿಲ್ಲಬೇಕು. ಯಾವುದಾದರೂ ಒಂದು ಗೂಡು ನಳಿಗೆಗೆ ಪೂರ್ತಿ ಸರಿಹೊಂದದೆ ಓರೆಯಾಗಿ ನಿಂತರೆ, ಗುಂಡು ನಳಿಗೆಯ ಬಾಯಿಗೆ ತಾಗಿ ಸೀಸದ ಚೂರು ಬದಿಗೆ ಸಿಡಿಯುತ್ತದೆ. ಆರೂ ಗೂಡುಗಳನ್ನು ಒಂದೊಂದಾಗಿ ನೋಡುವುದು ಇದಕ್ಕಾಗಿ.

ಸಿಲಿಂಡರಿಗೂ ನಳಿಗೆಗೂ ನಡುವೆ ಒಂದು ಸಣ್ಣ ಸಂದು ಇರಲೇಬೇಕು, ಆದರೆ ಅದು ಮಿಲಿಮೀಟರಿನ ಕಾಲು ಭಾಗ ಮೀರಬಾರದು. ಸಂದು ದೊಡ್ಡದಾದಷ್ಟೂ ಬಿಸಿ ಅನಿಲ ಅಲ್ಲಿಂದ ಸೋರಿ ಗುಂಡಿನ ವೇಗ ಕಡಿಮೆಯಾಗುತ್ತದೆ, ಪಕ್ಕದಲ್ಲಿಟ್ಟ ಬೆರಳೂ ಸುಡುತ್ತದೆ. ರಿವಾಲ್ವರ್ ಹಿಡಿಯುವಾಗ ಬೆರಳು ಆ ಸಂದಿನ ಬಳಿ ಇರಬಾರದೆಂದು ಹೇಳುವುದೂ ಇದೇ ಕಾರಣಕ್ಕೆ. ಬಾಗುವ ಮಾದರಿಯಾದರೆ ಕೀಲು ಮತ್ತು ಚಿಲಕ ಸಡಿಲಾಗಿವೆಯೇ ನೋಡಿ. ನಳಿಗೆಯೊಳಗೆ ಬೆಳಕು ಬಿಟ್ಟು, ಸುರುಳಿಗೆರೆಗಳು ಸ್ಪಷ್ಟವಾಗಿವೆಯೇ, ತುಕ್ಕಿನ ಕುಳಿಗಳಿವೆಯೇ ಎಂದು ಗಮನಿಸಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಎಣ್ಣೆ ಕಾಣದೆ ಬಿದ್ದ ಬಂದೂಕಿನ ಕಥೆಯನ್ನು ಆ ಕುಳಿಗಳೇ ಹೇಳುತ್ತವೆ.

ಹಳೆಯ ವಿದೇಶಿ ರಿವಾಲ್ವರ್‌ಗಳ ಸೆಳೆತ ದೊಡ್ಡದು. ಆದರೆ ಅವು ಅಗ್ಗವಲ್ಲ. ಆಮದು ನಿಂತ ಮೇಲೆ ಅವುಗಳ ಬೆಲೆ ಗುಣಕ್ಕಿಂತ ಅಭಾವದಿಂದ ನಿರ್ಧಾರವಾಗುತ್ತದೆ. ಬಿಡಿಭಾಗ ಮುರಿದರೆ ಹೊಂದಿಸಬಲ್ಲ ಕೈಗಳು ಕಡಿಮೆ. ಒಬ್ಬ ಪರವಾನಗಿದಾರರಿಂದ ಇನ್ನೊಬ್ಬರು ಕೊಳ್ಳುವುದಾದರೆ ಕಾಯ್ದೆಯ 5ನೇ ಕಲಂ ಪ್ರಕಾರ ಜಿಲ್ಲಾ ಮ್ಯಾಜಿಸ್ಟ್ರೇಟರಿಗೂ ಠಾಣೆಗೂ ಮೊದಲೇ ತಿಳಿಸಿ, 45 ದಿನ ಕಳೆಯುವವರೆಗೆ ಹಸ್ತಾಂತರ ಮಾಡುವಂತಿಲ್ಲ. ಇದನ್ನೆಲ್ಲ ಬಿಟ್ಟು ಯಾರೋ ‘ಪೇಪರ್ ಇಲ್ಲದೆ ಕಡಿಮೆಗೆ ಕೊಡಿಸುತ್ತೇನೆ’ ಎಂದರೆ, ಅಗ್ಗವಾಗಿ ಸಿಗುವುದು ಜೈಲು ಮಾತ್ರ.

ಸಣ್ಣ ಬೋರ್, ದೊಡ್ಡ ಗಾಯ

ಸಣ್ಣ ಬೋರ್ ಎಂದರೆ ಅಷ್ಟೇನೂ ಅಪಾಯವಿಲ್ಲದ್ದು ಎಂಬ ಭಾವನೆ ಅನೇಕರಲ್ಲಿದೆ. 1901ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ವಿಲಿಯಂ ಮ್ಯಾಕಿನ್ಲೆ ಅವರನ್ನು ಬಫಲೊ ನಗರದಲ್ಲಿ ಕೊಂದದ್ದು .32 ಬೋರಿನ ಒಂದು ಅಗ್ಗದ ರಿವಾಲ್ವರ್. 1968ರ ಜೂನ್‌ನಲ್ಲಿ ಲಾಸ್ ಏಂಜಲಿಸ್‌ನಲ್ಲಿ ರಾಬರ್ಟ್ ಕೆನಡಿ ಅವರನ್ನು ಕೊಂದದ್ದು .22 ಬೋರಿನ ಅಗ್ಗದ ರಿವಾಲ್ವರ್. ಎರಡನ್ನೂ ಮಾಡಿದ್ದು ಐವರ್ ಜಾನ್ಸನ್ ಎಂಬ ಒಂದೇ ಕಂಪನಿ. ಸುತ್ತಿಗೆಯಿಂದ ಹ್ಯಾಮರ್ ಮೇಲೆ ಹೊಡೆದರೂ ತಾನಾಗಿ ಹಾರದು ಎಂದು ಚಿತ್ರ ಸಹಿತ ಜಾಹೀರಾತು ಕೊಟ್ಟು, ಸುರಕ್ಷತೆಯ ಹೆಸರಿನಲ್ಲೇ ಮಾರಾಟ ಬೆಳೆಸಿಕೊಂಡ ಕಂಪನಿ ಅದು.

ಆ ಸುರಕ್ಷತೆ ಏನೆಂದು ಕೊಳ್ಳುವವರು ತಿಳಿದಿರಬೇಕು. ಹಳೆಯ ಕಾಲದ ರಿವಾಲ್ವರ್‌ಗಳಲ್ಲಿ ಹ್ಯಾಮರ್‌ನ ಮೊನೆ ತೋಟಾದ ಬೆನ್ನಿಗೇ ಒರಗಿ ಕೂರುತ್ತಿತ್ತು. ಕೈತಪ್ಪಿ ಕೆಳಗೆ ಬಿದ್ದರೆ ಹಾರುವ ಅಪಾಯವಿತ್ತು. ಅದಕ್ಕೇ ಅನುಭವಿಗಳು ಹ್ಯಾಮರ್ ಕೆಳಗಿನ ಗೂಡನ್ನು ಖಾಲಿ ಬಿಡುತ್ತಿದ್ದರು. ಟ್ರಿಗರ್ ಪೂರ್ತಿ ಎಳೆಯದ ಹೊರತು ಹೊಡೆತ ತೋಟಾವನ್ನು ಮುಟ್ಟದಂತೆ ತಡೆಯುವ ಪಟ್ಟಿ ಒಳ್ಳೆಯ ರಿವಾಲ್ವರ್‌ಗಳಲ್ಲಿ ಇರುತ್ತದೆ. ನೀವು ಕೊಳ್ಳುವ ಮಾದರಿಯಲ್ಲಿ ಅದಿದೆಯೇ, ಹಳೆಯದಾದರೆ ಅದು ಸವೆದಿಲ್ಲವೇ ಎಂದು ಪರಿಣತರಿಂದ ತಿಳಿದುಕೊಳ್ಳಿ. 2024ರ ಅಕ್ಟೋಬರ್ 1ರ ಮುಂಜಾನೆ ನಟ ಗೋವಿಂದ ಅವರ ಮುಂಬೈ ಮನೆಯಲ್ಲಿ ಅವರದೇ ಲೈಸೆನ್ಸ್ ರಿವಾಲ್ವರ್ ಹಾರಿ ಗುಂಡು ಅವರ ಕಾಲನ್ನೇ ಹೊಕ್ಕಿತು. ಎದುರಿಗೆ ಯಾವ ಶತ್ರುವೂ ಇರಲಿಲ್ಲ.

ಮನೆಯಲ್ಲಿ ಗನ್ ಇರುವುದರ ಬಗ್ಗೆ ಅಮೆರಿಕದ ವೈದ್ಯ ಆರ್ಥರ್ ಕೆಲ್ಲರ್‌ಮನ್ ಮತ್ತು ಸಂಗಡಿಗರು 1992 ಹಾಗೂ 1993ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಎರಡು ಅಧ್ಯಯನ ಪ್ರಕಟಿಸಿದರು. ಗನ್ ಇರುವ ಮನೆಯಲ್ಲಿ ಆತ್ಮಹತ್ಯೆಯ ಅಪಾಯವೂ, ಮನೆಯವರಿಂದಲೇ ಅಥವಾ ಪರಿಚಿತರಿಂದಲೇ ಕೊಲೆಯಾಗುವ ಅಪಾಯವೂ ಹೆಚ್ಚು ಎಂಬುದು ಅವರು ಕಂಡುಕೊಂಡದ್ದು. ಆ ವಿಧಾನದ ಬಗ್ಗೆ ಬಹಳ ವಾದ ನಡೆದಿದೆ. ಆದರೂ ಕೊಳ್ಳುವವರು ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಅದರಲ್ಲಿದೆ: ಮನೆಯಲ್ಲಿ ಕುಡಿತವಿದೆಯೇ, ಖಿನ್ನತೆಯಿಂದ ಬಳಲುವವರಿದ್ದಾರೆಯೇ, ಬೀರು ತಡಕಾಡುವ ವಯಸ್ಸಿನ ಮಕ್ಕಳಿದ್ದಾರೆಯೇ? ಉತ್ತರ ಹೌದಾದರೆ ಯಾವ ರಿವಾಲ್ವರ್ ಎಂಬ ಚರ್ಚೆ ಅಲ್ಲಿಗೇ ನಿಲ್ಲಬೇಕು. ಇಲ್ಲವಾದರೂ ಗೋಡೆಗೆ ಬಿಗಿದ ಬೀಗದ ಪೆಟ್ಟಿಗೆಯ ಖರ್ಚು ಬಜೆಟ್‌ನಲ್ಲಿ ಮೊದಲು ಬರಬೇಕು, ತೋಟಾ ಬೇರೆ ಕಡೆ ಇರಬೇಕು. ದಿಂಬಿನ ಕೆಳಗಿನ ರಿವಾಲ್ವರ್ ಸಿನಿಮಾದಲ್ಲಿ ಚೆನ್ನ.

ಲೈಸೆನ್ಸ್ ಎಂಬ ಮೊದಲ ಬಾಗಿಲು

ಲೈಸೆನ್ಸ್‌ಗೆ 21 ವರ್ಷ ತುಂಬಿರಬೇಕು. ಅರ್ಜಿ ಜಿಲ್ಲಾಧಿಕಾರಿಗೆ, ಬೆಂಗಳೂರಿನಂಥ ಕಮಿಷನರೇಟ್ ನಗರಗಳಲ್ಲಿ ಪೊಲೀಸ್ ಕಮಿಷನರರಿಗೆ. ವೃತ್ತಿ, ವ್ಯವಹಾರ ಅಥವಾ ಬೇರೆ ಕಾರಣದಿಂದ ಜೀವಕ್ಕೋ ಆಸ್ತಿಗೋ ರಕ್ಷಣೆಯ ನಿಜವಾದ ಅಗತ್ಯವಿದೆ ಎಂದು ತೋರಿಸಬೇಕು. ಇಲ್ಲವೇ ಮಾನ್ಯತೆ ಪಡೆದ ಶೂಟಿಂಗ್ ಕ್ಲಬ್ಬಿನ ಸಕ್ರಿಯ ಸದಸ್ಯರಾಗಿರಬೇಕು. ವೈದ್ಯಕೀಯ ಪ್ರಮಾಣಪತ್ರ, ಬಂದೂಕು ಬಳಕೆಯ ತರಬೇತಿಯ ಪ್ರಮಾಣಪತ್ರ, ಸುರಕ್ಷಿತವಾಗಿ ಇಡುವ ಬಗ್ಗೆ ಮುಚ್ಚಳಿಕೆ ಬೇಕು. ಆಮೇಲೆ ಪೊಲೀಸರ ವರದಿ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಗರಿಷ್ಠ ಎರಡು ಬಂದೂಕು, ಲೈಸೆನ್ಸ್ ಅವಧಿ ಐದು ವರ್ಷ. ಮದುವೆ, ಮೆರವಣಿಗೆಯಲ್ಲಿ ಖುಷಿಗೆ ಗಾಳಿಯಲ್ಲಿ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ.

ಕರ್ನಾಟಕದಲ್ಲಿ ಬಂದೂಕಿನ ಸಂಸ್ಕೃತಿ ಎಂದರೆ ಕೋವಿಯದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು; 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಉಳಿದ ಮಲೆನಾಡು, ಕರಾವಳಿಯಲ್ಲಿ ಬೆಳೆರಕ್ಷಣೆಯ ಲೈಸೆನ್ಸ್‌ನಲ್ಲಿ ಅನೇಕ ಮನೆಗಳಲ್ಲಿ ಕೋವಿ ಇದೆ. ತೋಟಕ್ಕೆ ನುಗ್ಗುವ ಹಂದಿಗೆ ರಿವಾಲ್ವರ್ ಕೆಲಸಕ್ಕೆ ಬಾರದು, ಆ ಕಾರಣ ಬರೆದು ರಿವಾಲ್ವರ್ ಕೇಳುವುದರಲ್ಲೂ ಅರ್ಥವಿಲ್ಲ. ಕೋವಿಗೂ ರಿವಾಲ್ವರಿಗೂ ಸಮಾನವಾದದ್ದು ಚುನಾವಣೆಯ ಕಾಟ. ಅಧಿಸೂಚನೆ ಬಿದ್ದೊಡನೆ ಠಾಣೆಗೋ ಡೀಲರ್ ಬಳಿಗೋ ಒಪ್ಪಿಸಿ ರಸೀದಿ ಪಡೆಯುವ ಆದೇಶ ಬರುತ್ತದೆ. ಲೋಕಸಭೆ, ವಿಧಾನಸಭೆ, ಪಂಚಾಯಿತಿ ಎಂದು ಎಣಿಸಿದರೆ, ಸದಾ ಪಕ್ಕದಲ್ಲಿರಬೇಕೆಂದು ಕೊಂಡ ಗನ್ ಐದು ವರ್ಷದಲ್ಲಿ ಹಲವು ವಾರ ಪರರ ಉಗ್ರಾಣದಲ್ಲಿರುತ್ತದೆ.

ಇನ್ನು ಹಾರಿಸುವ ಹಕ್ಕು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ. ಆದರೆ ರಕ್ಷಣೆಗೆ ಅಗತ್ಯವಾದದ್ದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಅಧಿಕಾರಿಗಳ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕೂ ಇಲ್ಲ. ಲೈಸೆನ್ಸ್ ಇದ್ದ ಮಾತ್ರಕ್ಕೆ ಹಾರಿಸಿದ್ದೆಲ್ಲ ಸರಿಯಾಗುವುದಿಲ್ಲ. ಹಾರಿದ ಪ್ರತಿ ಗುಂಡಿಗೂ ನ್ಯಾಯಾಲಯದಲ್ಲಿ ಉತ್ತರ ಕೊಡಬೇಕು.

ಹಾಗಾದರೆ ಯಾವುದು?

ಅಗತ್ಯ ನಿಜವಾಗಿದ್ದು, ಮನೆಯ ಪರಿಸ್ಥಿತಿ ಒಪ್ಪಿದರೆ ನನ್ನ ಉತ್ತರ ಇದು: ಇಡಿ ಚೌಕಟ್ಟಿನ, ಬದಿಗೆ ಹೊರಳುವ ಸಿಲಿಂಡರಿನ, 700 ಗ್ರಾಂ ಆಸುಪಾಸಿನ ಹೊಸ .32. ತೋಟಾ ಸಿಗುತ್ತದೆ, ರಿಪೇರಿಗೆ ತಯಾರಕರಿದ್ದಾರೆ, ಭಾರ ಕೈಯನ್ನು ನಿಲ್ಲಿಸುತ್ತದೆ. ಅದರ ಬೆಲೆ ಮತ್ತು ತೆರಿಗೆಯಲ್ಲದೆ, ಬೀಗದ ಪೆಟ್ಟಿಗೆ, ಶುಚಿಗೊಳಿಸುವ ಸಾಮಾನು, ಡಮ್ಮಿ ತೋಟಾ, ಶೂಟಿಂಗ್ ರೇಂಜಿನ ಸದಸ್ಯತ್ವ, ವರ್ಷಕ್ಕೆ ಬೇಕಾದ ತೋಟಾಗಳಿಗೆ ಇನ್ನಷ್ಟು ಪ್ರತ್ಯೇಕವಾಗಿ ಬೇಕು. ಇಷ್ಟಾಗದಿದ್ದರೆ ಕಡಿಮೆ ಬೆಲೆಯ ಗನ್ನಿಗೆ ಇಳಿಯುವ ಬದಲು ಗನ್ನನ್ನೇ ಬಿಡುವುದು ಒಳಿತು. ತೋಟಾದ ಸರಬರಾಜು ಖಾತ್ರಿಯಿದ್ದು, ವಾರಕ್ಕೊಮ್ಮೆ ರೇಂಜಿಗೆ ಹೋಗುವವರಾದರೆ ಮಾತ್ರ .22 ಯೋಚಿಸಿ.

ಇನ್ನೂ ಮನಸ್ಸು ಗಟ್ಟಿಯಾಗದವರಿಗೆ ಒಂದು ದಾರಿಯಿದೆ. 20 ಜೂಲ್ ಮೀರದ, 4.5 ಮಿಲಿಮೀಟರಿನ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯಿದೆ, ಅನೇಕ ಊರುಗಳಲ್ಲಿ ಶೂಟಿಂಗ್ ಕ್ಲಬ್‌ಗಳಿವೆ. ಆರು ತಿಂಗಳು ಅಲ್ಲಿ 10 ಮೀಟರ್ ದೂರದ ಕಾಗದದ ಗುರಿಗೆ ಹೊಡೆದು ನೋಡಿ. ಗನ್ ಸದಾ ತುಂಬಿದೆ ಎಂದೇ ಭಾವಿಸುವುದು, ಹೊಡೆಯಬಾರದ ಕಡೆಗೆ ನಳಿಗೆ ತಿರುಗಿಸದಿರುವುದು, ಗುರಿ ನಿರ್ಧಾರವಾಗುವವರೆಗೆ ಬೆರಳನ್ನು ಟ್ರಿಗರ್‌ನಿಂದ ಹೊರಗಿಡುವುದು, ಗುರಿಯ ಹಿಂದೆ ಏನಿದೆ ಎಂದು ನೋಡುವುದು, ಈ ನಾಲ್ಕು ನಿಯಮಗಳು ಅಲ್ಲಿ ಮೈಗೂಡುತ್ತವೆ. ಆರು ತಿಂಗಳಲ್ಲಿ ಬೇಸರ ಬಂದರೆ ಲಕ್ಷಾಂತರ ರೂಪಾಯಿ ಉಳಿಯಿತು. ಬಾರದಿದ್ದರೆ ಅಂಗಡಿಗೆ ಹೋದಾಗ ಬೆಲೆ ಕೇಳುವ ಮೊದಲು ತೋಟಾ ಸಿಗುತ್ತದೆಯೇ ಎಂದು ಕೇಳುವಷ್ಟು ವಿಷಯ ನಿಮಗೇ ಗೊತ್ತಿರುತ್ತದೆ.